ಕಿಮೋನೋ ತೊಡಿಸಿದರೆ ಜಪಾನ್ ಕಲಿಸಿದಂತಾಗದು

"ನಾಳೆ ಜಪಾನ್ ದಿನ, ಮಗುವಿಗೆ ಆ ದೇಶದ ಉಡುಪು ತೊಡಿಸಿ ಕಳುಹಿಸಿ" ಎಂಬ ಸೂಚನೆ ಶಾಲೆಯ ಡೈರಿಯಲ್ಲಿ ಬಂತೆಂದರೆ ಮುಂಬಯಿಯ ತಾಯಂದಿರು ಸಂಜೆಯೇ ಬಾಡಿಗೆ ಉಡುಪಿನ ಅಂಗಡಿಗೆ ಓಡುತ್ತಾರೆ. ಮರುದಿನ ಮಗು ಕಿಮೋನೋ ತೊಟ್ಟು, ಬೀಸಣಿಗೆ ಹಿಡಿದು ಫೋಟೋ ತೆಗೆಸಿಕೊಂಡು ಬರುತ್ತದೆ. ಏನು ಕಲಿತೆ ಎಂದು ಅಜ್ಜಿ ಕೇಳಿದರೆ, "ಅಲ್ಲಿ ಎಲ್ಲರೂ ಇದನ್ನೇ ಹಾಕಿಕೊಳ್ಳುತ್ತಾರೆ" ಎನ್ನುತ್ತದೆ. ನಿಜವೆಂದರೆ ಅಲ್ಲಿನ ಮಕ್ಕಳು ಕಿಮೋನೋ ತೊಡುವುದು ಹಬ್ಬ, ವಿಶೇಷ ದಿನಗಳಲ್ಲಿ ಮಾತ್ರ. ಹಣ ಕೊಟ್ಟು ತಪ್ಪು ಪಾಠ ತಂದಂತಾಯಿತು.

ಭಾನುವಾರಗಳಂದು ಕನ್ನಡ ತರಗತಿ, ಮಕ್ಕಳ ಶಿಬಿರ ನಡೆಸುವ ನಮ್ಮ ಸಂಘಗಳೂ ಈ ಬಗ್ಗೆ ಯೋಚಿಸಬೇಕಾಗಿದೆ. ಐದರಿಂದ ಎಂಟು ವರ್ಷದ ಮಗುವಿಗೆ ಪರದೇಶವೆಂದರೆ ಭೂಪಟದ ಮೇಲಿನ ಒಂದು ಬಣ್ಣವಷ್ಟೆ. ತನ್ನ ಮನೆಯಲ್ಲಿ ಕಂಡದ್ದನ್ನು ಹಿಡಿದುಕೊಂಡೇ ಅದು ಕಾಣದ ದೇಶವನ್ನು ಅರಿಯಬಲ್ಲದು. ಅದಕ್ಕೆ ಜಪಾನೇ ಒಳ್ಳೆಯ ಉದಾಹರಣೆ.

ಪ್ರತಿವರ್ಷ ಮಾರ್ಚ್ 3ರಂದು ಜಪಾನಿನಲ್ಲಿ 'ಹಿನಾಮತ್ಸುರಿ' ಎಂಬ ಗೊಂಬೆ ಹಬ್ಬ. ಹೆಣ್ಣುಮಕ್ಕಳ ಒಳಿತಿಗಾಗಿ ಆಚರಿಸುವ ಈ ಹಬ್ಬದಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆಗಳನ್ನು ಕೂರಿಸುತ್ತಾರೆ. ಪೂರ್ಣ ಪ್ರಮಾಣದ ಸಾಲಿಗೆ 7 ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ರಾಜ-ರಾಣಿ, ಅದರ ಕೆಳಗೆ ಮೂವರು ಪರಿಚಾರಿಕೆಯರು, ಮತ್ತೂ ಕೆಳಗೆ ಐವರು ವಾದ್ಯಗಾರರು. ಹಳೇ ಮೈಸೂರು ಕಡೆಯ ಮನೆಗಳಲ್ಲಿ ನವರಾತ್ರಿಗೆ ಪಟ್ಟದ ಗೊಂಬೆ ಕೂರಿಸಿದವರಿಗೆ ಇದನ್ನು ಬೇರೆ ವಿವರಿಸಬೇಕೆ?

ತರಗತಿಯಲ್ಲಿ ಹೀಗೆ ಮಾಡಬಹುದು. ಚಪ್ಪಲಿಯ ಖಾಲಿ ಪೆಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಮೇಲೊಂದು ಕೆಂಪು ಬಟ್ಟೆ ಹಾಸಿ. ಬಣ್ಣದ ಕಾಗದ ಮಡಚಿ ಮಕ್ಕಳೇ ರಾಜ-ರಾಣಿಯರನ್ನು ಮಾಡಲಿ. ಪಕ್ಕದಲ್ಲೇ ನಮ್ಮ ದಸರಾ ಗೊಂಬೆಗಳ ಇನ್ನೊಂದು ಸಾಲು ಇರಲಿ. ಯಾವುದು ಒಂದೇ ಥರ, ಯಾವುದು ಬೇರೆ ಎಂಬುದನ್ನು ಮಕ್ಕಳೇ ಹೇಳಲಿ. ಕರಾವಳಿ ಮೂಲದ ಅನೇಕ ಮಕ್ಕಳಿಗೆ ಮೈಸೂರಿನ ಗೊಂಬೆಯೂ ಹೊಸತೇ. ಒಂದೇ ಪಾಠದಲ್ಲಿ ಎರಡು ನಾಡಿನ ಪರಿಚಯವಾಗುತ್ತದೆ.

ಆದರೆ ಹಬ್ಬವೊಂದೇ ಸಂಸ್ಕೃತಿಯಲ್ಲ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಬಾಗಿಲಲ್ಲೇ ಹೊರಗಿನ ಶೂ ಕಳಚಿ ಒಳಗೆ ಬೇರೆ ಶೂ ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದೂಟವನ್ನು ಸರದಿಯ ಪ್ರಕಾರ ತಾವೇ ಬಡಿಸುತ್ತಾರೆ. ತರಗತಿ, ಕಾರಿಡಾರುಗಳನ್ನು ತಾವೇ ಗುಡಿಸಿ ಒರೆಸುತ್ತಾರೆ. ನಮ್ಮ ತರಗತಿಯಲ್ಲೂ ಕೊನೆಯ ಹತ್ತು ನಿಮಿಷ ಮಕ್ಕಳ ಕೈಗೆ ಪೊರಕೆ, ಒರೆಸುವ ಬಟ್ಟೆ ಕೊಟ್ಟು ನೋಡಿ. "ನಮ್ಮ ಮಗುವಿಗೆ ಕಸ ಗುಡಿಸಲು ಹೇಳಿದಿರಾ?" ಎಂದು ಕೆಲವು ಹೆತ್ತವರು ಹುಬ್ಬೇರಿಸಬಹುದು. ಆಗ ಈ ಪಾಠ ಹೆತ್ತವರಿಗೂ ಬೇಕಾಗಿತ್ತೆಂದು ತಿಳಿಯಬೇಕು.

ಕೊನೆಯಲ್ಲಿ ಒಂದು ನಿಜವಾದ ಕಥೆ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೊ ಮೃಗಾಲಯದ ಆನೆಗಳೆಲ್ಲ ಸತ್ತಿದ್ದವು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ನಮಗೊಂದು ಆನೆ ಕೊಡಿ ಎಂದು ಪ್ರಧಾನಿ ನೆಹರು ಅವರಿಗೆ ರಾಶಿ ಪತ್ರ ಬರೆದರು. 1949ರಲ್ಲಿ ನೆಹರು ಒಂದು ಆನೆಯನ್ನು ಹಡಗಿನಲ್ಲಿ ಕಳುಹಿಸಿ, ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು: ಇಂದಿರಾ. ಭಾರತದ ಮಕ್ಕಳಿಂದ ಜಪಾನಿನ ಮಕ್ಕಳಿಗೆ ಇದು ಕಾಣಿಕೆ ಎಂದರು. ಆ ಆನೆ ನಮ್ಮ ಮೈಸೂರು ಸೀಮೆಯದು. ಅದಕ್ಕೆ ತಿಳಿಯುತ್ತಿದ್ದುದು ಕನ್ನಡದ ಮಾತು. ಹಾಗಾಗಿ ಟೋಕಿಯೋದ ಆನೆ ಪಾಲಕರು ಭಾರತದಿಂದ ಹೋದ ಮಾವುತರ ಬಳಿ ಕುಳಿತು ಕನ್ನಡದ ಆಜ್ಞೆಗಳನ್ನು ಕಲಿಯಬೇಕಾಯಿತು! 1983ರಲ್ಲಿ ಸಾಯುವ ತನಕ ಇಂದಿರಾ ಅಲ್ಲಿನ ಮಕ್ಕಳ ಅಚ್ಚುಮೆಚ್ಚಾಗಿದ್ದಳು.

ಈ ಕಥೆ ಕೇಳಿದ ಮಕ್ಕಳಿಗೆ, ಜಪಾನಿನ ಮಕ್ಕಳು ನಿಮಗೆ ಪತ್ರ ಬರೆದಿದ್ದರೆ ನೀವು ಏನು ಕಳುಹಿಸುತ್ತಿದ್ದಿರಿ ಎಂದು ಕೇಳಿ. ನಾಲ್ಕೇ ಸಾಲು ಇರಲಿ, ಕನ್ನಡದಲ್ಲಿ ಬರೆಯಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ.

ಹೊರನಾಡಿನ ನಮ್ಮ ಮಕ್ಕಳು ಕನ್ನಡವನ್ನು ಅಜ್ಜಿಯೊಡನೆ ಮಾತ್ರ ಆಡುವ ಭಾಷೆ ಎಂದುಕೊಂಡಿದ್ದಾರೆ. ಒಂದು ಆನೆಗಾಗಿ ದೂರದ ಟೋಕಿಯೋದವರು ಅದನ್ನು ಕಲಿತರೆಂದು ತಿಳಿದಾಗ ಮಗುವಿನ ಕಣ್ಣು ಅರಳದೆ ಇರದು. ಸಂಘಗಳ ಪದಾಧಿಕಾರಿಗಳು, ಮಹಿಳಾ ವಿಭಾಗದವರು ಮನಸ್ಸು ಮಾಡಿದರೆ ಇದಕ್ಕೆ ಬೇಕಾದುದು ಒಂದು ಭಾನುವಾರ, ಒಂದಿಷ್ಟು ಬಣ್ಣದ ಕಾಗದ, ನಾಲ್ಕು ಖಾಲಿ ಪೆಟ್ಟಿಗೆ. ಬಾಡಿಗೆ ಕಿಮೋನೋ ಬೇಕಾಗಿಲ್ಲ.