ನಿದ್ರೆಯಲ್ಲಿನ ಅಂಗಚಲನೆ ಮತ್ತು ಅಪಸ್ಮಾರ

ನಿದ್ರೆಯೆಂಬುದು ದೇಹದ ಸಂಪೂರ್ಣ ನಿಶ್ಚಲತೆಯಲ್ಲ. ಕಣ್ಣು ಮುಚ್ಚುವ ಹೊತ್ತಿಗೆ ಮೈ ಒಮ್ಮೆ ಬೆಚ್ಚುವುದು ಆರೋಗ್ಯವಂತರಲ್ಲಿಯೂ ಸಹಜ. ಕೆಲವರಲ್ಲಿಯಾದರೋ ನಿದ್ರೆ ಹತ್ತಿದ ಮೇಲೆ 5ರಿಂದ 90 ಸೆಕೆಂಡುಗಳ ಅಂತರದಲ್ಲಿ ಕಾಲುಗಳು ಮತ್ತೆ ಮತ್ತೆ ಮಿಡಿಯುತ್ತವೆ. 1953ರಲ್ಲಿ ಇಂಗ್ಲೆಂಡಿನ ನರರೋಗತಜ್ಞ ಚಾರ್ಲ್ಸ್ ಸೈಮಂಡ್ಸ್ ಅವರು ಇಂಥ ಚಲನೆಯನ್ನು ವರ್ಣಿಸಿ, ಇದು ಅಪಸ್ಮಾರದ ಒಂದು ರೂಪವಿರಬಹುದೆಂದು ಊಹಿಸಿದರು. ಮುಂದೆ ಇಟಲಿಯ ಬೊಲೋನ್ಯಾದಲ್ಲಿ ಎಲಿಯೊ ಲುಗಾರೆಸಿ ಮತ್ತು ಸಂಗಡಿಗರು ಮಿದುಳಿನ ವಿದ್ಯುತ್ತರಂಗಗಳನ್ನೂ ಸ್ನಾಯುಗಳ ಮಿಡಿತವನ್ನೂ ರಾತ್ರಿಯಿಡೀ ಒಟ್ಟಿಗೆ ದಾಖಲಿಸಿದರು. ಈ ಮಿಡಿತ ಅಪಸ್ಮಾರವಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. ಕಬ್ಬಿಣಾಂಶದ ಕೊರತೆಯೂ ಇದಕ್ಕೆ ಕಾರಣವಾಗಬಲ್ಲದು.

ಇದಕ್ಕೆ ವಿರುದ್ಧವಾದ ಪಾಠವೂ ಬೊಲೋನ್ಯಾದಿಂದಲೇ ಬಂದಿತು. ನಿದ್ರೆಯಲ್ಲಿ ಥಟ್ಟನೆ ಕೈಕಾಲು ಬಡಿದು ಮೈ ತಿರುಚುವ ರೋಗಿಗಳನ್ನು ಅಲ್ಲಿಯ ವೈದ್ಯರು 1981ರಲ್ಲಿ ವರ್ಣಿಸಿದರು. ನೆತ್ತಿಯ ಮೇಲಿನ ವಿದ್ಯುತ್ ದಾಖಲೆಯಲ್ಲಿ ಅಪಸ್ಮಾರದ ಗುರುತು ಕಾಣದಿದ್ದುದರಿಂದ ಇದು ಅಪಸ್ಮಾರವೋ ಹೊಸ ವ್ಯಾಧಿಯೋ ಎಂಬ ಸಂದೇಹ ಉಳಿಯಿತು. ಇದು ಬಹುಮಟ್ಟಿಗೆ ಮಿದುಳಿನ ಮುಂಭಾಗದಲ್ಲಿ ಹುಟ್ಟುವ ಅಪಸ್ಮಾರವೇ ಎಂಬುದು ಅನಂತರ ತಿಳಿಯಿತು. ಇದು ಬಾಲ್ಯ, ಹದಿಹರೆಯಗಳಲ್ಲಿ ಆರಂಭವಾಗುವುದುಂಟು.

ಆದ್ದರಿಂದ ಕೇವಲ ನೋಟದಿಂದ ತೀರ್ಮಾನಿಸುವುದು ಸಲ್ಲದು. ಆದರೂ ಒಂದು ಸುಳಿವುಂಟು: ಅಪಸ್ಮಾರದ ಚಲನೆ ಹಠಾತ್ತನೆ ಆರಂಭವಾಗಿ, ಪ್ರತಿ ಸಲವೂ ಒಂದೇ ತೆರನಾಗಿ ನಡೆದು, ಸಾಮಾನ್ಯವಾಗಿ ಎರಡು ನಿಮಿಷಗಳೊಳಗೆ ಹಠಾತ್ತನೆ ನಿಲ್ಲುತ್ತದೆ, ಒಂದೇ ರಾತ್ರಿಯಲ್ಲಿ ಹಲವು ಸಲ ಮರುಕಳಿಸಲೂಬಹುದು. ವಿದ್ಯಾರ್ಥಿನಿಲಯದ ಬಾಲಕನೊಬ್ಬ ಹೀಗೆ ನರಳಿದಾಗ ಗಾಳಿಸೋಂಕೆಂದು ಅಂಜುವುದೂ, ತುಂಟತನವೆಂದು ಗದರುವುದೂ ಅವನಿಗೆ ಬಗೆಯುವ ಅನ್ಯಾಯ. ಪಾಲಕರು ವೇಳೆಯನ್ನು ಗುರುತಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರೆ ರೋಗನಿರ್ಣಯದ ಅರ್ಧ ದಾರಿ ಸಾಗಿದಂತೆ.