ವಶೀಲಿಯಲ್ಲದ ಪರಿಚಯ

ಸ್ಪೀಡ್ ಮೆಂಟರಿಂಗ್ ಎಂದರೆ ಕಿರಿಯ ನೌಕರರು ಒಂದೇ ಕೂಟದಲ್ಲಿ ಹಲವು ಹಿರಿಯ ಅಧಿಕಾರಿಗಳನ್ನು ಒಬ್ಬರಾದ ಮೇಲೊಬ್ಬರಂತೆ, ತಲಾ ಹತ್ತು ಹದಿನೈದು ನಿಮಿಷ ಭೇಟಿಯಾಗಿ ತಮ್ಮ ವೃತ್ತಿಯ ಮುಂದಿನ ದಾರಿಯನ್ನು ವಿಚಾರಿಸಿಕೊಳ್ಳುವ ಏರ್ಪಾಡು. ಅದೇ ಕೂಟ ಕಂಪ್ಯೂಟರ್ ಪರದೆಯ ಮೇಲೆ ನಡೆದರೆ ವರ್ಚುವಲ್ ಸ್ಪೀಡ್ ಮೆಂಟರಿಂಗ್. ಕೆನಡಾದ ಕೇಂದ್ರ ಸರ್ಕಾರಿ ನೌಕರರಲ್ಲಿ ಇದು ಕೋವಿಡ್ ಕಾಲದಿಂದೀಚೆಗೆ ರೂಢಿಗೆ ಬಂದಿದೆ. ಯುವ ನೌಕರರ ಬಳಗಗಳು, ಮ್ಯಾನೇಜರುಗಳ ಬಳಗಗಳು, ಕೆಲವೊಮ್ಮೆ ಇಲಾಖೆಗಳೇ ಇಂಥ ಕೂಟ ಕರೆಯುತ್ತವೆ.

ಹೆಸರು ಕೊಟ್ಟವರಿಗೆ ಮೊದಲು ಒಂದು ಫಾರ್ಮು ಬರುತ್ತದೆ: ಯಾವ ಇಲಾಖೆ, ಯಾವ ದರ್ಜೆ, ಇಂಗ್ಲಿಷೋ ಫ್ರೆಂಚೋ, ಏನು ತಿಳಿಯಬೇಕು. ಸಂಘಟಕರು ಅದನ್ನು ನೋಡಿ ಜೋಡಿ ಹೊಂದಿಸುತ್ತಾರೆ. ಆ ದಿನ ಝೂಮ್ ಅಥವಾ ಟೀಮ್ಸ್‌ನಲ್ಲಿ ಎಲ್ಲರೂ ಸೇರಿ, ಸ್ವಾಗತ ಮುಗಿದದ್ದೇ ತಡ, ಬ್ರೇಕ್‌ಔಟ್ ರೂಮುಗಳೆಂಬ ಸಣ್ಣ ಕೋಣೆಗಳಿಗೆ ಹಂಚಿಹೋಗುತ್ತಾರೆ. ಒಂದು ಕೋಣೆಯಲ್ಲಿ ಇಬ್ಬರೇ ಇರಬಹುದು, ಒಬ್ಬ ಹಿರಿಯರ ಸುತ್ತ ನಾಲ್ಕೈದು ಕಿರಿಯರೂ ಇರಬಹುದು. ಮೊದಲ ಅರ್ಧ ನಿಮಿಷ ಮೈಕ್ ಆನ್ ಮಾಡುವುದರಲ್ಲೇ ಹೋಗುತ್ತದೆ. ಅಲ್ಲಿ ಸರ್, ಮೇಡಂ ಎಂಬ ಸಂಬೋಧನೆ ಇಲ್ಲ, ನಿರ್ದೇಶಕರನ್ನೂ ಹೆಸರು ಹಿಡಿದೇ ಕರೆಯುವುದು. ಫ್ರೆಂಚ್ ಮಾತಾಡುವವರಿಗೆ ಮಾತ್ರ ಕನ್ನಡದವರ ಹಾಗೆ ನೀನು ಅನ್ನಲೋ ನೀವು ಅನ್ನಲೋ ಎಂಬ ಸಣ್ಣ ಇಕ್ಕಟ್ಟು ಇದ್ದೇ ಇದೆ. ಮಾತು ಹದಕ್ಕೆ ಬರುವಷ್ಟರಲ್ಲಿ ಪರದೆಯ ಮೇಲೆ ಸೆಕೆಂಡುಗಳ ಎಣಿಕೆ ಶುರುವಾಗುತ್ತದೆ. ಅರ್ಧ ವಾಕ್ಯ ಬಾಯಲ್ಲಿರುವಾಗಲೇ ಎದುರಿನ ಮುಖ ಮಾಯವಾಗಿ ಇನ್ನೊಂದು ಮುಖ ಬಂದು ಕೂತಿರುತ್ತದೆ.

ಈ ಗಡಿಬಿಡಿಯ ಮೂಲ ಕಚೇರಿಯಲ್ಲಿಲ್ಲ, ಮದುವೆಯ ಮಾತುಕತೆಯಲ್ಲಿದೆ. 1998ರಲ್ಲಿ ಲಾಸ್ ಏಂಜಲೀಸ್‌ನ ಯಹೂದಿ ಧರ್ಮಗುರು ಯಾಕೊವ್ ಡೇಯೋ ತಮ್ಮ ಸಮುದಾಯದ ಅವಿವಾಹಿತರಿಗಾಗಿ ಸ್ಪೀಡ್ ಡೇಟಿಂಗ್ ಆರಂಭಿಸಿದರು. ಸಮಯ ಮುಗಿಯಿತು ಎಂದು ಸಾರಲು ಬಳಸಿದ್ದು ಪ್ಯೂರಿಮ್ ಹಬ್ಬದಲ್ಲಿ ತಿರುಗಿಸುವ ಗಿಲಕಿ. ಕಚೇರಿ ಲೋಕ ಆ ಚೌಕಟ್ಟನ್ನು ಎರವಲು ಪಡೆದು, ವಧೂವರರ ಜಾಗದಲ್ಲಿ ಕಿರಿಯರನ್ನೂ ಹಿರಿಯರನ್ನೂ ಕೂರಿಸಿತು. ಗಿಲಕಿಯ ಕೆಲಸವನ್ನು ಈಗ ಪರದೆಯ ಗಡಿಯಾರ ಮಾಡುತ್ತದೆ.

ಸರ್ಕಾರಿ ನೌಕರರಿಗೆ ಇದರ ಅಗತ್ಯವೇನು ಎಂಬ ಪ್ರಶ್ನೆ ಕರ್ನಾಟಕದ ಓದುಗರಿಗೆ ಸಹಜವಾಗಿ ಏಳುತ್ತದೆ. ಇಲ್ಲಿ ವರ್ಗಾವಣೆ ಆದೇಶದ ಮೂಲಕ ಬರುತ್ತದೆ, ಬಡ್ತಿಗೆ ಜ್ಯೇಷ್ಠತಾ ಪಟ್ಟಿ ಇದೆ. ಕೆನಡಾದಲ್ಲಿ ಹಾಗೆ ತಾನಾಗಿ ಮೇಲೇರುವ ಏಣಿ ಬಹುಮಟ್ಟಿಗೆ ಇಲ್ಲ. ಮೇಲಿನ ಹುದ್ದೆ ಬೇಕಾದವರು ಪ್ರಕಟಣೆ ಹುಡುಕಿ, ಅರ್ಜಿ ಹಾಕಿ, ಪರೀಕ್ಷೆ ಸಂದರ್ಶನ ಮುಗಿಸಿ, 'ಪೂಲ್' ಎಂದು ಕರೆಯುವ ಅರ್ಹರ ಪಟ್ಟಿ ಸೇರಬೇಕು. ಪಟ್ಟಿ ಸೇರಿದ ಮಾತ್ರಕ್ಕೆ ಹುದ್ದೆ ಸಿಗುವುದಿಲ್ಲ. ಯಾವುದಾದರೂ ಮ್ಯಾನೇಜರು ಅಲ್ಲಿಂದ ಆರಿಸಿಕೊಳ್ಳಬೇಕು. ಇದರ ಜೊತೆಗೆ ಪ್ರಭಾರ ಹುದ್ದೆಗಳಿವೆ, ಎರವಲು ಸೇವೆಗಳಿವೆ, ಕೆಲವೇ ವಾರಗಳ ಕಿರು ನಿಯೋಜನೆಗಳಿವೆ. ಇವುಗಳ ಎಷ್ಟೋ ಸುದ್ದಿ ಬಾಯಿಂದ ಬಾಯಿಗೇ ಹರಡುತ್ತದೆ. ನಿಯಮ ಎಲ್ಲರಿಗೂ ಒಂದೇ ಇದ್ದರೂ ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲ.

ಉದಾಹರಣೆಗೆ ಹ್ಯಾಲಿಫ್ಯಾಕ್ಸ್‌ನಲ್ಲಿ ಗುಮಾಸ್ತರ ದರ್ಜೆಯಲ್ಲಿರುವ ಒಬ್ಬರಿಗೆ ನೀತಿ ವಿಶ್ಲೇಷಕರಾಗುವ ಆಸೆ ಇದೆ ಎನ್ನಿ. ಆ ಹುದ್ದೆಗಳು 'ಇಸಿ' ಎಂಬ ವರ್ಗದಲ್ಲಿ ಬರುತ್ತವೆ. ಅದಕ್ಕೆ ಪದವಿ ಬೇಕು, ಪದವಿಯಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ಸಾಕಷ್ಟು ಓದು ಇರಬೇಕು. ಈ ಒಂದು ಮಾತನ್ನು ಬಲ್ಲವರು ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ; ಗೊತ್ತಿಲ್ಲದವರು ಎರಡು ವರ್ಷ ಅರ್ಜಿ ಹಾಕುತ್ತಲೇ ಇರುತ್ತಾರೆ. ಎರಡನೇ ಭಾಷೆಯ ಪ್ರಶ್ನೆಯೂ ಹೀಗೆಯೇ. ಇಂಗ್ಲಿಷ್ ಮತ್ತು ಫ್ರೆಂಚ್ 1969ರ ಕಾಯ್ದೆಯಿಂದ ಅಲ್ಲಿನ ಅಧಿಕೃತ ಭಾಷೆಗಳಾದವು. ಓದು, ಬರಹ, ಮಾತು ಮೂರಕ್ಕೂ ಎ, ಬಿ, ಸಿ ಎಂಬ ಮಟ್ಟಗಳಿವೆ. ಮೇಲಿನ ಅನೇಕ ಹುದ್ದೆಗಳಿಗೆ ಮಾತಿನಲ್ಲಿ ಎಲ್ಲಕ್ಕಿಂತ ಮೇಲಿನ 'ಸಿ' ಮಟ್ಟವೇ ಬೇಕು. ಆ ಪರೀಕ್ಷೆ ದಾಟಿದ್ದು ಹೇಗೆ ಎಂದು ದಾಟಿದವರನ್ನೇ ಕೇಳುವುದರಲ್ಲಿ ಅರ್ಥವಿದೆ.

ಇಲ್ಲಿ ಒಂದು ಮುಜುಗರವೂ ಇದೆ. ದೊಡ್ಡವರ ಪರಿಚಯದಿಂದ ಕೆಲಸ ಸಿಗುವುದಕ್ಕೆ ಕನ್ನಡದಲ್ಲಿ ವಶೀಲಿ ಎಂಬ ಖಡಕ್ ಮಾತಿದೆ. ಕೆನಡಾದ ಸರ್ಕಾರಿ ಸೇವೆಯೂ ಒಂದು ಕಾಲಕ್ಕೆ ವಶೀಲಿಯ ಮೇಲೆಯೇ ನಡೆಯುತ್ತಿತ್ತು. ಗೆದ್ದ ಪಕ್ಷ ತನ್ನವರಿಗೆ ಹುದ್ದೆ ಹಂಚುತ್ತಿತ್ತು. ಅದನ್ನು ತಡೆಯಲು 1908ರಲ್ಲಿ ಸಿವಿಲ್ ಸರ್ವಿಸ್ ಕಮಿಷನ್ ಹುಟ್ಟಿತು. ಅದರ ಅಧಿಕಾರ ಮೊದಲು ರಾಜಧಾನಿ ಒಟ್ಟಾವಾದ ನೌಕರರಿಗಷ್ಟೇ ಇದ್ದು, 1918ರಲ್ಲಿ ದೇಶದ ಉಳಿದೆಡೆಗೂ ಹಬ್ಬಿತು. ನೇಮಕಾತಿಯ ಇಂದಿನ ಕಾಯ್ದೆ 2003ರದ್ದು, ಜಾರಿಯಾದದ್ದು 2005ರ ಕೊನೆಯಲ್ಲಿ. ನೇಮಕ ಅರ್ಹತೆಯ ಮೇಲೆ ಆಗಬೇಕು, ರಾಜಕೀಯ ಪ್ರಭಾವ ಇರಕೂಡದು ಎನ್ನುತ್ತದೆ ಅದು. ಆದರೆ ಪ್ರಕಟಣೆ ಇಲ್ಲದೆಯೂ ಹುದ್ದೆ ತುಂಬಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ಅಂಥ ಕಡೆ ಮ್ಯಾನೇಜರಿಗೆ ನೆನಪಾಗುವುದು ಗೊತ್ತಿರುವ ಹೆಸರೇ ಅಲ್ಲವೇ?

ಹಾಗಾಗಿ ಪರಿಚಯ ಬೇಡ ಎನ್ನುವುದು ಆಗದ ಮಾತು. ನಿರ್ದೇಶಕರ ನೆರೆಮನೆಯವರಿಗೋ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರಿಗೋ ಅದು ಹೇಗೂ ಸಿಗುತ್ತದೆ. ಸ್ಪೀಡ್ ಮೆಂಟರಿಂಗ್ ಅದನ್ನು ಎಲ್ಲರೂ ಹೆಸರು ಕೊಡಬಹುದಾದ ಒಂದು ಕೋಣೆಗೆ ತರುತ್ತದೆ. ವಶೀಲಿಗೂ ಇದಕ್ಕೂ ಇರುವ ಗೆರೆ ತೆಳುವಾದದ್ದು, ಆದರೆ ಇದೆ: ದಾರಿ ಕೇಳಬಹುದು, ಹುದ್ದೆ ಕೇಳಬಾರದು. ನೌಕರಿ ಕೊಡಿಸಿ ಎಂದು ಅಲ್ಲಿ ಬಾಯಿಬಿಟ್ಟವರು ಆ ಹತ್ತು ನಿಮಿಷವನ್ನು ಕಳೆದುಕೊಂಡ ಹಾಗೆಯೇ.

ಅಪರಿಚಿತರ ಜೊತೆ ಇಷ್ಟು ಚಿಕ್ಕ ಮಾತಿಗೆ ಬೆಲೆ ಏಕೆ ಎಂಬುದಕ್ಕೆ ಸಮಾಜಶಾಸ್ತ್ರದಲ್ಲಿ ಹಳೆಯ ಉತ್ತರವಿದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧವೊಂದರಲ್ಲಿ ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದ ಹೆಚ್ಚಾಗಿ ಬರುತ್ತದೆ ಎಂದು ತೋರಿಸಿದರು. ಪಕ್ಕದ ಮೇಜಿನವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಿಂದ. ಮೀನುಗಾರಿಕೆ ಇಲಾಖೆಯವರಿಗೆ ತೆರಿಗೆ ಇಲಾಖೆಯ ಒಬ್ಬರ ಪರಿಚಯವಾದರೆ ಆಗುವ ಲಾಭ ಇದು.

ಪರದೆಯ ಮೇಲೆಯೇ ಏಕೆ ಎಂಬುದಕ್ಕೆ ಕೆನಡಾದ ಭೂಪಟವೇ ಉತ್ತರ. 2024ರ ಮಾರ್ಚ್ ಹೊತ್ತಿಗೆ ಅಲ್ಲಿ ಸುಮಾರು 3.68 ಲಕ್ಷ ಕೇಂದ್ರ ನೌಕರರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ಪ್ರದೇಶದ ಹೊರಗಿನವರು, ಆದರೆ ಹಿರಿಯ ಅಧಿಕಾರಿಗಳು ಹೆಚ್ಚಾಗಿ ಸೇರಿಕೊಂಡಿರುವುದು ರಾಜಧಾನಿಯಲ್ಲೇ. 2020ರ ಮಾರ್ಚ್‌ನಲ್ಲಿ ಕಚೇರಿಗಳು ಮನೆಗೆ ಬಂದಾಗ ಈ ದೂರ ಒಮ್ಮೆಲೇ ಕರಗಿತು. ಸಮಯ ಹೊಂದಿಸುವುದೇ ಉಳಿದ ಕಷ್ಟ: ಒಟ್ಟಾವಾದಲ್ಲಿ ಮಧ್ಯಾಹ್ನ 1 ಗಂಟೆಯಾದರೆ ವ್ಯಾಂಕೂವರ್‌ನಲ್ಲಿ ಬೆಳಿಗ್ಗೆ 10. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 2.30, ಭಾರತದ ಹಾಗೆ ಅದೂ ಅರ್ಧ ಗಂಟೆಯ ಲೆಕ್ಕ ಇಟ್ಟುಕೊಂಡ ನಾಡು. 2024ರ ಸೆಪ್ಟೆಂಬರ್‌ನಲ್ಲಿ ನೌಕರರು ವಾರಕ್ಕೆ ಕನಿಷ್ಠ 3 ದಿನ ಕಚೇರಿಗೆ ಬರಬೇಕೆಂಬ ನಿಯಮ ಬಂದ ಮೇಲೂ ದೇಶದ ಎರಡು ತುದಿಯವರು ಸೇರಲು ಪರದೆಗಿಂತ ಅಗ್ಗದ ಜಾಗ ಇನ್ನೊಂದಿಲ್ಲ.

ಹತ್ತು ನಿಮಿಷದಲ್ಲಿ ಆಗದ ಕೆಲಸವೂ ಬಹಳ ಇದೆ. ಮೇಲಧಿಕಾರಿಯ ಕಿರುಕುಳ, ಮನಸ್ಸಿನ ದಣಿವು, ಜನಾಂಗದ ಕಾರಣಕ್ಕೆ ಹಿಂದೆ ಬಿದ್ದ ನೋವು ಇವು ಗಡಿಯಾರದ ಎದುರು ಬಿಚ್ಚಿಕೊಳ್ಳುವ ವಿಷಯಗಳಲ್ಲ. ಜನಾಂಗದಂಥ ಕಾರಣಕ್ಕೆ ಹಿಂದೆ ಬಿದ್ದವರಿಗಾಗಿ ಕೆನಡಾ ಸರ್ಕಾರ 2020ರ ಡಿಸೆಂಬರ್‌ನಲ್ಲಿ 'ಮೆಂಟರ್‌ಶಿಪ್ ಪ್ಲಸ್' ಎಂಬ ಬೇರೊಂದು ಯೋಜನೆ ತಂದಿತು. ಅದರಲ್ಲಿ ಮೆಂಟರ್ ಜೊತೆಗೆ ಸ್ಪಾನ್ಸರ್ ಕೂಡ ಇರುತ್ತಾರೆ. ಮೆಂಟರ್ ಎದುರಿಗೆ ಕೂತು ಸಲಹೆ ಕೊಡುವವರು. ಸ್ಪಾನ್ಸರ್, ಆ ನೌಕರರಿಲ್ಲದ ಸಭೆಯಲ್ಲಿ ಅವರ ಹೆಸರೆತ್ತುವವರು.

ಸ್ಪೀಡ್ ಮೆಂಟರಿಂಗ್‌ನಲ್ಲಿ ನಿಜವಾದ ಕೆಲಸ ಕೂಟ ಮುಗಿದ ಮೇಲೆ ಶುರು. ಮಾರನೆಯ ದಿನವೇ ನಾಲ್ಕು ಸಾಲಿನ ಇಮೇಲ್ ಹೋಗಬೇಕು: ಒಂದು ಥ್ಯಾಂಕ್ಸ್, ಅವರು ಹೇಳಿದ ಯಾವ ಮಾತು ಉಪಯೋಗಕ್ಕೆ ಬಂತು ಎಂಬ ಒಂದು ವಾಕ್ಯ, ಮುಂದಿನ ತಿಂಗಳು ಇಪ್ಪತ್ತು ನಿಮಿಷ ಸಿಗಬಹುದೇ ಎಂಬ ಪ್ರಶ್ನೆ. ಬಯೋಡೇಟಾ ಲಗತ್ತಿಸಬಾರದು.