ಸೊಳ್ಳೆ ಬ್ಯಾಟಿಂದ ಹುಲ್ಲುಗಾವಲು

ಮಾಡೆಲ್ ರೈಲಿನ ಪಕ್ಕದ ಹುಲ್ಲು
ನೆಟ್ಟಗೆ ನಿಲ್ಲೋದು ಹೇಗೆ ಗೊತ್ತಾ?

ನಮ್ಮ ಕೌದಳ್ಳಿಗೆ ರೈಲಿಲ್ಲ,
ಹತ್ತೋಕೆ ಚಾಮರಾಜನಗರಕ್ಕೆ ಹೋಗ್ಬೇಕು.
ಆದ್ರೆ ಮೇಜಿನ ಮೇಲೆ
ಮಾದಪ್ಪನ ಬೆಟ್ಟದ ತಪ್ಪಲಲ್ಲೇ ಓಡಿಸಬಹುದು!

ಅಲ್ಲಿ ಹುಲ್ಲು ನಿಲ್ಲಿಸೋಕೆ ಹಳೇ ಸೊಳ್ಳೆ ಬ್ಯಾಟು,
ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಟೀ ಜರಡಿ ಸಾಕು.
ಬ್ಯಾಟಿನ ಸರ್ಕ್ಯೂಟಿಂದ ಒಂದು ವೈರು ಜರಡಿಗೆ.
ಇನ್ನೊಂದು, ಮಾಡೆಲ್ ನೆಲಕ್ಕೆ ಹಚ್ಚಿದ ಹಸಿ ಫೆವಿಕಾಲಲ್ಲಿ ಚುಚ್ಚಿದ ಮೊಳೆಗೆ.

ಜರಡಿಗೆ 2 ಮಿಲಿಮೀಟರ್ ನೈಲಾನ್ ಎಳೆ ಹಾಕಿ.
ಬಟನ್ ಒತ್ತಿ, ಅಂಟಿನ ಮೇಲೆ ಜರಡಿಯನ್ನ ಮೆಲ್ಲಗೆ ಅಲ್ಲಾಡಿಸಿ.

ತಲೆ ಬಾಚಿದ ಬಾಚಣಿಗೆ ಹತ್ರ ತಂದ್ರೆ
ಕೈ ರೋಮ ಎದ್ದು ನಿಲ್ಲುತ್ತಲ್ಲ?
ಹಾಗೇ ಎಳೆಗಳೂ ನಿಂತ್ಕೊಂಡೇ ಅಂಟಿಗೆ ಇಳಿಯುತ್ತವೆ.

ಹುಷಾರು!
ಆಫ್ ಮಾಡಿದ್ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ.
ಮೊಳೆಯ ವೈರನ್ನ ಜರಡಿಗೆ ತಾಗಿಸಿ,
ಆಮೇಲೇ ಮುಟ್ಟಿ.
ಮಕ್ಕಳ ಕೈಗೆ ಕೊಡಲೇಬೇಡಿ.

ಮತ್ತೆ, ನಮ್ಮ ಬೇಸಿಗೆ ಬೆಟ್ಟಕ್ಕೆ ಬರೀ ಹಸಿರು ಹಾಕ್ಬೇಡಿ.
ಒಣಹುಲ್ಲಿನ ಬಣ್ಣದ ಎಳೆಯನ್ನೇ ಜಾಸ್ತಿ ಬೆರೆಸಿ.